ತಪ್ಪಿದ ದಿನದ ಮರುದಿನ

ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ನನ್ನ ಹಳೆಯ ಡೈರಿಗಳಿವೆ. ಎಲ್ಲವೂ ಪುಕ್ಕಟೆ ಬಂದವು. ವಿಮೆ ಏಜೆಂಟರು, ಔಷಧಿ ಅಂಗಡಿಯವರು, ಒಮ್ಮೆ ಒಬ್ಬ ಸಿಮೆಂಟ್ ಡೀಲರು ಕೊಟ್ಟಂಥವು. ಯಾವ ವರ್ಷದ್ದನ್ನು ತೆಗೆದರೂ ಕಥೆ ಒಂದೇ. ಜನವರಿ 1ರ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಪಟ್ಟಿ: ಬೆಳಿಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ನಡಿಗೆ, ಕಾಫಿ ಎರಡೇ ಲೋಟ, ರಾತ್ರಿ ಅನ್ನ ಬಂದ್, ಮಲಗುವ ಮುಂಚೆ ಮೂವತ್ತು ಪುಟ ಓದು, ಯಾರ ಮೇಲೂ ರೇಗಬಾರದು. 2ರಿಂದ 6ರ ತನಕ ಶಿಸ್ತಾದ ವರದಿ. 7ರಂದು ಒಂದೇ ಪದ, 'ನೆಗಡಿ'. 8 ಖಾಲಿ. 9 ಖಾಲಿ. ಹಾಗೇ ಮಗುಚುತ್ತಾ ಹೋದರೆ ಫೆಬ್ರವರಿಯಲ್ಲೆಲ್ಲೋ ಬೇರೆ ಅಕ್ಷರ ಶುರುವಾಗುತ್ತದೆ, ನನ್ನ ಹೆಂಡತಿಯದು: 'ಹಾಲು 1 ಲೀಟರ್, ಮೊಸರು ಅರ್ಧ, ಶುಕ್ರವಾರ ಹಾಲು ಬೇಡ.' ಅಲ್ಲಿಂದ ಡಿಸೆಂಬರ್ ತನಕ ಅದು ಹಾಲಿನ ಲೆಕ್ಕದ ಪುಸ್ತಕ.

ನಮ್ಮ ತಂದೆ ಇದಕ್ಕೆ ಆರಂಭಶೂರತ್ವ ಎಂದು ಹೆಸರಿಟ್ಟಿದ್ದರು. ಮನೋಬಲ ಸಾಲದು ಎಂಬುದು ಅವರ ತೀರ್ಮಾನ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಈಗ ಆ ಪುಟಗಳನ್ನು ನೋಡಿದರೆ ಬೇರೆಯೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೆಲಸ ಕೆಟ್ಟಿದ್ದು 8ನೇ ತಾರೀಖಿನಂದಲ್ಲ, 9ರಂದು. ಮೊದಲ ದಿನ ತಪ್ಪಿದ್ದು ನೆಗಡಿಯಿಂದ. ಎರಡನೆಯ ದಿನ ತಪ್ಪಿದ್ದು ಮೊದಲ ದಿನ ತಪ್ಪಿತಲ್ಲ ಎಂಬುದರಿಂದ. ಈ ಅಧ್ಯಾಯ ಆ ಎರಡನೆಯ ದಿನದ ಬಗ್ಗೆ.

ಮೊದಲು ಜನವರಿ 1ರ ವಿಚಾರ ಮುಗಿಸಿಬಿಡೋಣ. ಆ ದಿನಕ್ಕೆ ಆಕಾಶದಲ್ಲಿ ಯಾವ ವಿಶೇಷವೂ ಇಲ್ಲ. ಅಂದು ಹಗಲು ರಾತ್ರಿ ಸಮವಾಗಿರುವುದಿಲ್ಲ, ಅಮಾವಾಸ್ಯೆ ಹುಣ್ಣಿಮೆಗಳ ಹಂಗೂ ಅದಕ್ಕಿಲ್ಲ. ಕ್ರಿ.ಪೂ. 153ರಿಂದ ರೋಮ್‌ನ ಕಾನ್ಸಲ್‌ಗಳು ಆ ದಿನ ಅಧಿಕಾರ ವಹಿಸಿಕೊಳ್ಳತೊಡಗಿದರು. ಅಂದರೆ ಅದು ಮೂಲತಃ ಸರ್ಕಾರಿ ಅಧಿಕಾರಿಗಳು ಚಾರ್ಜ್ ತೆಗೆದುಕೊಳ್ಳುತ್ತಿದ್ದ ದಿನ. ಹಾಗಿದ್ದರೂ ಮನಸ್ಸಿನ ಮೇಲೆ ಅದರ ಪ್ರಭಾವ ಸುಳ್ಳಲ್ಲ. ಅಮೆರಿಕದ ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಗೂಗಲ್‌ನಲ್ಲಿ 'ಡಯಟ್' ಎಂಬ ಪದವನ್ನು ಯಾವಾಗ ಹುಡುಕುತ್ತಾರೆ, ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಜಿಮ್‌ಗೆ ಯಾವಾಗ ಹೋಗುತ್ತಾರೆ ಎಂದು ಲೆಕ್ಕ ಹಾಕಿದರು. ಹೊಸ ವರ್ಷದ ಆರಂಭದಲ್ಲಿ ಎರಡೂ ಏರುತ್ತವೆ. ಇದರಲ್ಲಿ ಹೊಸತೇನಿಲ್ಲ. ಆದರೆ ತಿಂಗಳ ಮೊದಲಲ್ಲೂ ಏರುತ್ತವೆ, ಬರೀ ಸೋಮವಾರ ಬಂದರೂ ಏರುತ್ತವೆ. ಸೆಮಿಸ್ಟರ್ ಶುರುವಾದಾಗ ಜಿಮ್ ಭೇಟಿಯೂ ಏರುತ್ತದೆ. ಹುಟ್ಟುಹಬ್ಬದ ನಂತರವೂ ಜಿಮ್‌ನತ್ತ ಕಾಲು ಹಾಕುವವರು ಹೆಚ್ಚು, ಇಪ್ಪತ್ತೊಂದನೆಯ ಹುಟ್ಟುಹಬ್ಬವೊಂದನ್ನು ಬಿಟ್ಟು. ಅಮೆರಿಕದಲ್ಲಿ ಮದ್ಯ ಕೊಳ್ಳಲು ಕಾನೂನು ಅನುಮತಿ ಕೊಡುವ ವಯಸ್ಸು ಇಪ್ಪತ್ತೊಂದು. ಕಾರಣ ನೀವೇ ಊಹಿಸಿಕೊಳ್ಳಿ.

ಅವರು ಕೊಟ್ಟ ವಿವರಣೆ ಸರಳ. ಇಂಥ ದಿನಗಳು ಕಾಲದ ಹಾದಿಯಲ್ಲಿ ಮೈಲಿಗಲ್ಲುಗಳಿದ್ದಂತೆ. ಕಲ್ಲಿನ ಆಚೆಗಿರುವುದು ಹಳೆಯ 'ನಾನು', ಈಚೆಗಿರುವುದು ಹೊಸ 'ನಾನು'. ಹಿಂದಿನ ಎಡವಟ್ಟುಗಳನ್ನೆಲ್ಲ ಹಳೆಯವನ ಖಾತೆಗೆ ಬರೆದು ಕೈ ತೊಳೆದುಕೊಳ್ಳಬಹುದು. ದೀಪಾವಳಿಯಲ್ಲಿ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವುದನ್ನು ನೋಡಿದವರಿಗೆ ಈ ಭಾವನೆ ಗೊತ್ತು. ವ್ಯತ್ಯಾಸ ಒಂದೇ: ಜಾಣ ವ್ಯಾಪಾರಿ ಹಳೆಯ ಬಾಕಿಯನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಎತ್ತಿಕೊಳ್ಳುತ್ತಾನೆ. ನಾವು ಎತ್ತಿಕೊಳ್ಳುವುದಿಲ್ಲ. ಡಿಸೆಂಬರ್ 31ರ ತನಕ ಏಳೂವರೆಗೆ ಏಳುತ್ತಿದ್ದವನು ಜನವರಿ 1ಕ್ಕೆ ಐದು ಗಂಟೆ ಎಂದು ಬರೆಯುವುದು ಈ ಮರೆವಿನಿಂದಲೇ.

ಹಾಗಾದರೆ ಸಂಕಲ್ಪ ಮಾಡುವುದೇ ದಂಡವೇ? ಅಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಎರಡು ಗುಂಪುಗಳನ್ನು ಹೋಲಿಸಿದರು. ಒಂದರಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ 159 ಜನ. ಇನ್ನೊಂದರಲ್ಲಿ ಬದಲಾಗುವ ಆಸೆಯಿದ್ದರೂ ಸಂಕಲ್ಪ ಮಾಡದ 123 ಜನ. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ 46 ಮಂದಿ ತಮ್ಮ ಮಾತನ್ನು ಉಳಿಸಿಕೊಂಡಿದ್ದರು, ಎರಡನೆಯದರಲ್ಲಿ ಗುರಿ ಮುಟ್ಟಿದವರು ಶೇ 4. ಜನ ತಮ್ಮ ಬಗ್ಗೆ ತಾವೇ ಹೇಳಿದ ಮಾತಿದು, ಸ್ವಲ್ಪ ಉಪ್ಪು ಕಳೆದೇ ನಂಬಬೇಕು. ಆದರೂ ವ್ಯತ್ಯಾಸ ದೊಡ್ಡದು. ಹೊಸ ವರ್ಷದ ಸಂಕಲ್ಪ ಎಂದರೆ ತಮಾಷೆಯ ವಸ್ತು ಎಂದು ಪ್ರತಿ ಜನವರಿಯಲ್ಲೂ ವ್ಯಂಗ್ಯಚಿತ್ರ ಬರೆಯುವವರು ಇದನ್ನು ಗಮನಿಸಬೇಕು.

ಈಗ 9ನೇ ತಾರೀಖಿಗೆ ಬರೋಣ.

1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಸಂಶೋಧಕರು ಒಂದು ಚೇಷ್ಟೆಯ ಪ್ರಯೋಗ ಮಾಡಿದರು. ಕಾಲೇಜು ಹುಡುಗಿಯರನ್ನು 'ರುಚಿ ಪರೀಕ್ಷೆ' ಎಂದು ಕರೆದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಆಮೇಲೆ ಎಲ್ಲರ ಮುಂದೆಯೂ ಐಸ್‌ಕ್ರೀಮ್ ಬಟ್ಟಲುಗಳನ್ನಿಟ್ಟು, ಎಷ್ಟು ಬೇಕಾದರೂ ತಿಂದು ರುಚಿ ಹೇಗಿದೆ ಹೇಳಿ ಎಂದರು. ಊಟ ತಿಂಡಿಯಲ್ಲಿ ಕಟ್ಟುನಿಟ್ಟು ಮಾಡದ ಹುಡುಗಿಯರು ನಾವೆಲ್ಲ ನಿರೀಕ್ಷಿಸುವಂತೆಯೇ ನಡೆದುಕೊಂಡರು: ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮ್ ಕಡಿಮೆ ತಿಂದರು. ಪಥ್ಯದಲ್ಲಿದ್ದವರು ಮಾತ್ರ ಉಲ್ಟಾ. ಮಿಲ್ಕ್‌ಶೇಕ್ ಕುಡಿಯದವರಿಗಿಂತ ಕುಡಿದವರೇ ಹೆಚ್ಚು ತಿಂದರು. ಹೊಟ್ಟೆ ತುಂಬಿದ್ದಕ್ಕೆ ಹಸಿವು ಹೆಚ್ಚಾಗುವುದುಂಟೇ? ಲೆಕ್ಕ ಹೊಟ್ಟೆಯದ್ದಲ್ಲ, ತಲೆಯದ್ದು. ಹೇಗೂ ಇವತ್ತಿನ ಪಥ್ಯ ಕೆಟ್ಟಿತು, ಇನ್ನೇನು? ಮುಂದೆ ಹರ್ಮನ್ ಮತ್ತು ಅವರ ಸಹೋದ್ಯೋಗಿ ಜಾನೆಟ್ ಪೊಲಿವಿ ಇದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು ಸ್ವಲ್ಪ ಒರಟು. ಕನ್ನಡದಲ್ಲಿ 'ಹಾಳಾಗಿ ಹೋಗಲಿ ಬಿಡು ಪರಿಣಾಮ' ಎನ್ನಬಹುದು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂಬ ನಮ್ಮ ಗಾದೆ ಅದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ.

ಗಾದೆಯ ಎಡವಟ್ಟು ಇರುವುದು ಮೊದಲ ಪದದಲ್ಲಿ. ಒಂದು ಲೋಟ ಮಿಲ್ಕ್‌ಶೇಕ್‌ಗೆ ಯಾರೂ ಮುಳುಗಿರುವುದಿಲ್ಲ, ಕಾಲು ಒದ್ದೆಯಾಗಿರುತ್ತದೆ ಅಷ್ಟೆ. ಆದರೆ ನಿಯಮವನ್ನು 'ಒಂದು ದಿನವೂ ತಪ್ಪಬಾರದು' ಎಂದು ಬರೆದುಕೊಂಡವನಿಗೆ ಒದ್ದೆಗೂ ಮುಳುಗಿದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಡೈರಿಗಳಲ್ಲಿ ನಾವು ಬರೆಯುವುದು ಸಂಕಲ್ಪವಲ್ಲ, ಭೀಷ್ಮಪ್ರತಿಜ್ಞೆ. ಪ್ರತಿಜ್ಞೆಗೆ ಎರಡೇ ಸ್ಥಿತಿ, ಉಳಿಯಿತು ಅಥವಾ ಮುರಿಯಿತು.

ಮಿದುಳು ಅಭ್ಯಾಸ ಕಲಿಯುವ ಬಗೆ ಹಾಗಿಲ್ಲ. ಇದನ್ನು ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು. 2010ರಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿ 96 ಜನ ಇದ್ದರು. ಪ್ರತಿಯೊಬ್ಬರೂ ಒಂದು ಪುಟ್ಟ ಕೆಲಸ ಆರಿಸಿಕೊಂಡು ಅದನ್ನು ದಿನದ ಯಾವುದಾದರೂ ಖಾಯಂ ಕೆಲಸಕ್ಕೆ ಗಂಟು ಹಾಕಬೇಕಿತ್ತು: ತಿಂಡಿಯ ನಂತರ ಒಂದು ಲೋಟ ನೀರು, ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ಬೆಳಗಿನ ಕಾಫಿ ಆದ ಮೇಲೆ ಐವತ್ತು ಬಸ್ಕಿಯಂಥ ಕಸರತ್ತು. 84 ದಿನಗಳ ಕಾಲ ಅವರು ದಿನವೂ ಎರಡು ವಿಷಯ ದಾಖಲಿಸಿದರು. ಇವತ್ತು ಮಾಡಿದೆನೇ, ಮತ್ತು ಯೋಚಿಸದೆ ತಾನಾಗಿಯೇ ಆಯಿತೇ. ಎರಡನೆಯದು ಒಂದು ಮಟ್ಟಕ್ಕೆ ಬಂದು ನಿಲ್ಲಲು ಹಿಡಿದ ಕಾಲ, ನಡುವಿನ ಲೆಕ್ಕದಲ್ಲಿ, 66 ದಿನ. ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರದ್ದು ಇದೇ ವೇಗದಲ್ಲಿ ಸಾಗಿದ್ದರೆ 254 ದಿನ ಬೇಕಾಗುತ್ತಿತ್ತು. ನೀರು ಕುಡಿಯುವವರು ಬೇಗ ಗೆದ್ದರು, ಕಸರತ್ತಿನವರಿಗೆ ಒಂದೂವರೆ ಪಟ್ಟು ಕಾಲ ಹಿಡಿಯಿತು.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ನೀವು ಕೇಳಿರುತ್ತೀರಿ. ಆ ಸಂಖ್ಯೆಯ ಜಾಡು ಹಿಡಿದು ಹೋದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್. ಮುಖದ ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಇಪ್ಪತ್ತೊಂದು ದಿನ ಬೇಕು ಎಂದು ಅವರು 1960ರ ಪುಸ್ತಕವೊಂದರಲ್ಲಿ ಬರೆದಿದ್ದರು. 'ಕನಿಷ್ಠ' ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಮೂಗಿನ ವಿಷಯ ಯೋಗಾಸನದ ವಿಷಯವಾಯಿತು. ಹಾಗೆಂದು 66 ಎಂಬುದನ್ನು ಹೊಸ ಮಂತ್ರ ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಲಾಲಿಯವರ ಗಣಿತದ ರೇಖೆ ಚೆನ್ನಾಗಿ ಕೂತಿದ್ದು 96ರಲ್ಲಿ 39 ಜನರಿಗೆ ಮಾತ್ರ.

ನನಗೆ ಆ ಅಧ್ಯಯನದಲ್ಲಿ ಮುಖ್ಯವೆನಿಸಿದ್ದು ಈ ಸಂಖ್ಯೆಗಳಲ್ಲ, ಅವುಗಳ ಪಕ್ಕದಲ್ಲಿ ಸದ್ದಿಲ್ಲದೆ ಕೂತಿರುವ ಒಂದು ಮಾತು. ಒಂದು ದಿನ ತಪ್ಪಿಸಿದ್ದರಿಂದ ಅಭ್ಯಾಸ ಬೆಳೆಯುವ ರೇಖೆಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಮಾರನೆಯ ದಿನ ರೇಖೆ ಹೆಚ್ಚುಕಡಿಮೆ ಬಿಟ್ಟಲ್ಲಿಂದಲೇ ಮುಂದುವರಿಯಿತು.

ಇದು ಹೇಗೆ ಎಂದು ತಿಳಿಯಲು ಅಡುಗೆಮನೆಗೆ ಬನ್ನಿ. ಬೀಡಿನ ಹೊಸ ಕಾವಲಿ ತಂದಾಗ ಮೊದಲ ದೋಸೆ ಎಂದೂ ಏಳುವುದಿಲ್ಲ. ಚೂರು ಚೂರಾಗಿ ಕಿತ್ತು ಬರುತ್ತದೆ. ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರುತ್ತಾ, ಕಾಯಿಸುತ್ತಾ, ಇನ್ನೊಂದು ಹುಯ್ಯುತ್ತಾ ಹೋಗಬೇಕು. ಕಾದ ಕಬ್ಬಿಣದ ಮೇಲೆ ಎಣ್ಣೆಯ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ತೆಳುವಾದ ಗಟ್ಟಿ ಪೊರೆಯಾಗುತ್ತವೆ. ಪೊರೆಯ ಮೇಲೆ ಪೊರೆ ಕೂರುತ್ತದೆ. ಕಾವಲಿ ಪಳಗಿತು ಎನ್ನುತ್ತೇವೆ. ಪಳಗಿದ ಕೈ, ಪಳಗಿದ ಎತ್ತು, ಪಳಗಿದ ಕಾವಲಿ, ಮೂರಕ್ಕೂ ಕನ್ನಡದಲ್ಲಿ ಒಂದೇ ಪದ ಇರುವುದು ಸುಮ್ಮನಲ್ಲ. ಈ ನಡುವೆ ಒಂದು ದಿನ ದೋಸೆ ಹುಯ್ಯದಿದ್ದರೆ, ಅಥವಾ ಒಂದು ದೋಸೆ ಸೀದುಹೋದರೆ, ಪೊರೆ ಎಲ್ಲಿಗೂ ಹೋಗುವುದಿಲ್ಲ. ಕಾವಲಿ ನಿಜವಾಗಿ ಹಾಳಾಗುವುದು ಸೀದ ದೋಸೆಯ ಸಿಟ್ಟಿಗೆ ಯಾರೋ ಸ್ಟೀಲ್ ನಾರು ಹಿಡಿದು ಗಸಗಸ ಉಜ್ಜಿದಾಗ.

ಮಿದುಳಿನಲ್ಲಿ ಈ ಪಳಗುವಿಕೆ ಬಹುಪಾಲು ನಡೆಯುವುದು ಬೇಸಲ್ ಗ್ಯಾಂಗ್ಲಿಯಾ ಎಂಬ ಆಳದ ಭಾಗದಲ್ಲಿ. ಅಮೆರಿಕದ ಎಂಐಟಿಯಲ್ಲಿ ಆ್ಯನ್ ಗ್ರೇಬಿಯಲ್ ಅವರ ತಂಡ 1999ರಲ್ಲಿ ಇಲಿಗಳನ್ನು ಇಂಗ್ಲಿಷಿನ ಟಿ ಅಕ್ಷರದಂಥ ದಾರಿಯಲ್ಲಿ ಓಡಿಸಿ, ಅಲ್ಲಿನ ನರಕೋಶಗಳ ಚಟುವಟಿಕೆಯನ್ನು ದಾಖಲಿಸಿತು. ಆರಂಭದ ದಿನಗಳಲ್ಲಿ ದಾರಿಯುದ್ದಕ್ಕೂ ಕೋಶಗಳು ಮಿಡಿಯುತ್ತಿದ್ದವು. ದಾರಿ ರೂಢಿಯಾದ ಮೇಲೆ ಮಿಡಿತ ಎರಡೇ ಕಡೆ ಗುಂಪಾಯಿತು, ಓಟದ ಆರಂಭದಲ್ಲಿ ಮತ್ತು ಕೊನೆಯಲ್ಲಿ. ನಡುವಿನದ್ದೆಲ್ಲ ಒಂದೇ ಕಟ್ಟಾಗಿ ತಾನೇ ಸಾಗುತ್ತಿತ್ತು. ಗೇರ್ ಬದಲಿಸಲು ಒದ್ದಾಡುತ್ತಿದ್ದ ಹೊಸ ಡ್ರೈವರ್ ಒಂದು ದಿನ ಆಫೀಸಿನ ಗೇಟಿನಲ್ಲಿ ಇಳಿದು, ಹೇಗೆ ಬಂದೆ ಎಂಬುದೇ ನೆನಪಿಲ್ಲವಲ್ಲ ಎಂದುಕೊಳ್ಳುವುದು ಇದರಿಂದಲೇ. ಅಭ್ಯಾಸಕ್ಕೆ ಮುಖ್ಯವಾಗಿ ಬೇಕಾದದ್ದು ಶುರು ಮಾಡಿಸುವ ಒಂದು ಸೂಚನೆ.

ಆ ಸೂಚನೆಯ ಬಗ್ಗೆ ಜರ್ಮನ್ ಮನೋವಿಜ್ಞಾನಿ ಪೀಟರ್ ಗಾಲ್‌ವಿಟ್ಜರ್ ಅವರ ಕೆಲಸ ಪ್ರಸಿದ್ಧ. ವೆರೋನಿಕಾ ಬ್ರಾಂಡ್‌ಸ್ಟೆಟರ್ ಜೊತೆ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅವರು ವಿದ್ಯಾರ್ಥಿಗಳಿಗೆ ರಜೆಯ ಹೊತ್ತಿನಲ್ಲಿ ಮಾಡುವ ಒಂದು ಬೇಸರದ ಕೆಲಸ ಕೊಟ್ಟರು: ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂದು 48 ಗಂಟೆಯೊಳಗೆ ಬರೆದು ಕಳಿಸಿ. ಅರ್ಧದಷ್ಟು ಜನರಿಗೆ, ಯಾವಾಗ ಮತ್ತು ಎಲ್ಲಿ ಕೂತು ಬರೆಯುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ ಹೇಳಿ ಎಂದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬರೆದು ಕಳಿಸಿದರು. ಉಳಿದವರಲ್ಲಿ ಮೂರನೇ ಒಂದು ಪಾಲು. ಬರೆಯಬೇಕೆಂಬ ಮನಸ್ಸು ಇಬ್ಬರಿಗೂ ಇತ್ತು. ಇದ್ದ ವ್ಯತ್ಯಾಸ ಒಂದು ಕುರ್ಚಿ ಮತ್ತು ಒಂದು ಗಂಟೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಸತ್ಯನಾರಾಯಣ ಪೂಜೆ. ಪುರೋಹಿತರು ಕೈಗೆ ಅಕ್ಷತೆ ನೀರು ಕೊಟ್ಟು ಸಂಕಲ್ಪ ಮಾಡಿಸುತ್ತಾರಲ್ಲ, ಅದರಲ್ಲಿ ಏನಿರುತ್ತದೆ ಗಮನಿಸಿ. ಯಾವ ದ್ವೀಪ, ಯಾವ ದೇಶ, ಯಾವ ನದಿಯ ಯಾವ ತೀರ. ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ಯಾರು, ಯಾವ ಗೋತ್ರ. ಕೊನೆಗೆ, ಏನು ಮಾಡುತ್ತೇನೆ. ಎಲ್ಲಿ, ಯಾವಾಗ, ಯಾರು ಎಂಬುದು ಮುಗಿಯುವ ತನಕ ಏನು ಎಂಬುದು ಬರುವುದೇ ಇಲ್ಲ. ಇನ್ನು ಪೂಜೆಯ ಕೊನೆಗೆ ಬನ್ನಿ. ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಏನಾದರೂ ಲೋಪವಾಗಿದ್ದರೆ ಕ್ಷಮಿಸು ಎಂದು ಕೇಳಿಕೊಳ್ಳುವ ಪ್ರಾರ್ಥನೆಯಿದೆ. ಲೋಪ ಆಗಿಯೇ ಆಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಟ್ಟ ಹಾಗೆ. ವರಮಹಾಲಕ್ಷ್ಮಿ ವ್ರತ ಆ ಶುಕ್ರವಾರ ಆಗದಿದ್ದರೆ ಶ್ರಾವಣದ ಇನ್ನೊಂದು ಶುಕ್ರವಾರ ಮಾಡಿದರಾಯಿತು ಎಂದು ಮನೆಯ ಹಿರಿಯ ಹೆಂಗಸರು ಹೇಳುವುದೂ ಇದೇ ಜಾಣತನದಿಂದ. ನಮ್ಮ ಹಿರಿಯರಿಗೆ ನರವಿಜ್ಞಾನ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಜಾತಿಯವನು ನಾನಲ್ಲ. ಅವರಿಗೆ ಗೊತ್ತಿದ್ದದ್ದು ಮನುಷ್ಯರು.

ಕ್ಷಮಿಸಿಕೊಂಡರೆ ಸೋಮಾರಿಗಳಾಗುವುದಿಲ್ಲವೇ ಎಂದು ನಮ್ಮ ತಂದೆ ಕೇಳುತ್ತಿದ್ದರೋ ಏನೋ. ಅದಕ್ಕೂ ಉತ್ತರ ಹುಡುಕಿದ್ದಾರೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ವೋಲ್, ಟಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ 119 ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳುದ್ದಕ್ಕೂ ಗಮನಿಸಿ 2010ರಲ್ಲಿ ಬರೆದರು. ಮೊದಲ ಪರೀಕ್ಷೆಗೆ ಓದದೆ ದಿನ ತಳ್ಳಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ದಿನ ತಳ್ಳಿದರು. ಬೈದುಕೊಂಡವರೇ ಮತ್ತೆ ತಳ್ಳಿದರು. ಕಾರಣ ಅರ್ಥವಾಗುವಂಥದ್ದೇ. ಬೈದುಕೊಂಡಷ್ಟೂ ಪುಸ್ತಕ ನೋಡಿದರೆ ಸಂಕಟವಾಗುತ್ತದೆ. ಸಂಕಟ ಕೊಡುವುದರಿಂದ ಮನಸ್ಸು ದೂರ ಓಡುತ್ತದೆ. ಮಂಚದ ಕೆಳಗಿನ ಯೋಗ ಮ್ಯಾಟ್ ಕಣ್ಣಿಗೆ ಬಿದ್ದಾಗಲೆಲ್ಲ ಚುಚ್ಚುತ್ತದೆ ಎಂದು ಅದನ್ನು ಇನ್ನಷ್ಟು ಒಳಗೆ ತಳ್ಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮಿಲ್ಕ್‌ಶೇಕ್ ಪ್ರಯೋಗಕ್ಕೂ ಒಂದು ಉತ್ತರ ಸಿಕ್ಕಿತು, ಮೂವತ್ತೆರಡು ವರ್ಷಗಳ ನಂತರ. 2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ವಿದ್ಯಾರ್ಥಿನಿಯರಿಗೆ ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ, ಇದನ್ನೆಲ್ಲ ಎಲ್ಲರೂ ತಿನ್ನುತ್ತಾರೆ, ಅದಕ್ಕಾಗಿ ನಿಮ್ಮ ಮೇಲೆ ನೀವೇ ಕಠಿಣವಾಗಬೇಡಿ ಎಂದು ಒಂದು ಮಾತು ಹೇಳಿದರು. ಆಮೇಲೆ ಎಲ್ಲರ ಮುಂದೆಯೂ ಮಿಠಾಯಿ ಇಟ್ಟರು. ಪಥ್ಯದ ಹುಡುಗಿಯರ ಪೈಕಿ ಆ ಮಾತು ಕೇಳಿಸಿಕೊಂಡವರು ಕಡಿಮೆ ಮಿಠಾಯಿ ತಿಂದರು. ಇವೆಲ್ಲ ಸಣ್ಣ ಪ್ರಯೋಗಗಳು, ಕಾಲೇಜು ಹುಡುಗ ಹುಡುಗಿಯರ ಮೇಲೆ ಮಾಡಿದಂಥವು. ಆದರೆ ಬೇರೆ ಬೇರೆ ಊರುಗಳಿಂದ ಬಂದವು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ.

ಸಂಕಲ್ಪದ ಪದಗಳೂ ಲೆಕ್ಕಕ್ಕೆ ಬರುತ್ತವೆ. ಸ್ವೀಡನ್ನಿನಲ್ಲಿ 1,066 ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ಬಂತು. 'ಬಿಡುತ್ತೇನೆ' ಎಂದವರಲ್ಲಿ ಶೇ 47 ಮಂದಿ ಗೆದ್ದೆವು ಎಂದರು, 'ಮಾಡುತ್ತೇನೆ' ಎಂದವರಲ್ಲಿ ಶೇ 59. ಸಿಹಿ ಬಿಡುತ್ತೇನೆ ಎನ್ನುವುದಕ್ಕಿಂತ ದಿನಕ್ಕೊಂದು ಹಣ್ಣು ತಿನ್ನುತ್ತೇನೆ ಎನ್ನುವುದು ವಾಸಿ. ಬೀಡಿ, ಸಿಗರೇಟು, ಕುಡಿತದ ಮಾತು ಬೇರೆ. ಅಲ್ಲಿ ದೇಹವೇ ಪದಾರ್ಥಕ್ಕೆ ಒಗ್ಗಿರುತ್ತದೆ, ವೈದ್ಯರ ನೆರವು ಬೇಕು, ಡೈರಿ ಸಾಲದು.

ಈಗ ನನ್ನದು ಒಂದೇ ಸಂಕಲ್ಪ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಹುಯ್ದು ಡಿಕಾಕ್ಷನ್ ಇಳಿಯುವ ತನಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡು ಪುಟ ಓದುವುದು. ಮೂವತ್ತಲ್ಲ, ಎರಡು. ಹೊಸ ಅಭ್ಯಾಸದ ಗಂಟನ್ನು ಕಾಫಿಗೆ ಹಾಕಿದ್ದು ಸ್ವಾರ್ಥದಿಂದಲೇ, ಅದೊಂದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಪುಸ್ತಕ ಡಬರಿಯ ಪಕ್ಕದಲ್ಲೇ ಇರುತ್ತದೆ, ಅಂಚಿನಲ್ಲಿ ಕಾಫಿ ಕಲೆ ಬಿದ್ದಿದೆ. ಊರಿಗೆ ಹೋದಾಗ ತಪ್ಪುತ್ತದೆ, ನೆಂಟರು ಬಂದಾಗ ತಪ್ಪುತ್ತದೆ. ಕಳೆದ ಶ್ರಾವಣದಲ್ಲಿ ನಾಲ್ಕು ದಿನ ಒಟ್ಟಿಗೆ ತಪ್ಪಿತು. ಐದನೆಯ ದಿನ ಡಿಕಾಕ್ಷನ್ ಇಳಿಯುತ್ತಿತ್ತು, ಸ್ಟೂಲು ಅಲ್ಲೇ ಇತ್ತು, ಕೂತೆ. ಆ ನಾಲ್ಕು ದಿನಗಳ ಎಂಟು ಪುಟವನ್ನು ಸೇರಿಸಿ ಓದಲು ಹೋಗಲಿಲ್ಲ. ಹಿಂದಿನ ನಾನಾಗಿದ್ದರೆ ಖಂಡಿತ ಹೋಗುತ್ತಿದ್ದೆ, ಆರನೆಯ ದಿನ ಬಿಟ್ಟೂ ಬಿಡುತ್ತಿದ್ದೆ.

ನೀವೂ ಈ ವರ್ಷ ಏನನ್ನಾದರೂ ಬರೆದುಕೊಂಡಿದ್ದರೆ ಇಷ್ಟು ಮಾಡಿ. ತಪ್ಪಿದ ದಿನದ ಪುಟವನ್ನು ಖಾಲಿಯಾಗಿಯೇ ಬಿಡಿ. ಅದರ ಮುಂದಿನ ಪುಟದಲ್ಲಿ ತಾರೀಖು ಅಚ್ಚಾಗಿದೆ, ಬರೆಯಲು ಜಾಗವೂ ಇದೆ. ಹಾಲಿನ ಲೆಕ್ಕಕ್ಕೆ ಮಾತ್ರ ಬೇರೆ ಪುಸ್ತಕ ತಂದುಕೊಡಿ.